ಅಂಬಾಸಿಡರ್ ಕಾರಿನ ಹಿಂಬದಿ ಲೀಫ್ ಸ್ಪ್ರಿಂಗ್ ಬದಲಾವಣೆ

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನ ಹಿಂಭಾಗದ ಭಾರವನ್ನು ಆಕ್ಸಲ್‌ಗೆ ಬಿಗಿದ ಎರಡು ಲೀಫ್ ಸ್ಪ್ರಿಂಗ್‌ಗಳು, ಅಂದರೆ ಕಮಾನು ಪಟ್ಟಿಗಳ ಕಟ್ಟುಗಳು, ಹೊರುತ್ತವೆ. ಪಟ್ಟಿಗಳ ಸಂದಿಗೆ ಕೆಸರು, ತೇವ ಸೇರಿ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಉಬ್ಬಿದ ತುಕ್ಕು ಪಟ್ಟಿಗಳನ್ನು ಬೇರ್ಪಡಿಸುತ್ತದೆ, ಸ್ಪ್ರಿಂಗ್ ತುದಿಯನ್ನು ಬಾಡಿಗೆ ಜೋಡಿಸುವ ಶ್ಯಾಕಲ್ ಬೋಲ್ಟುಗಳು ರಬ್ಬರ್ ಬುಷ್‌ನೊಳಗೆ ಕಚ್ಚಿಕೊಳ್ಳುತ್ತವೆ. ಕಾರು ಒಂದು ಬದಿಗೆ ವಾಲುವುದು, ಗುಂಡಿಗಿಳಿದಾಗ ಕಿರುಗುಟ್ಟುವುದು ಮುಖ್ಯ ಲಕ್ಷಣಗಳು.

ಕೆಲಸಕ್ಕೆ ಮುನ್ನ ಬಾಡಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಪ್ರತ್ಯೇಕ ಜ್ಯಾಕ್ ಕೊಡಬೇಕು. ಬರೀ ಜ್ಯಾಕ್ ನಂಬಿ ಅಡಿಗೆ ಹೋಗುವುದು ಪ್ರಾಣಾಪಾಯ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟರೆ ನಟ್‌ಗಳು ಸಡಿಲವಾಗುತ್ತವೆ. ಮಣಿಯದವನ್ನು ಕತ್ತರಿಸುವುದೇ ಲೇಸು. ಸ್ಪ್ರಿಂಗ್ ತೂಗುಹಾಕುವ ಬ್ರಾಕೆಟ್ ಸುತ್ತಲಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು. ತಗಡು ತೂತಾದರೆ ಮೊದಲು ವೆಲ್ಡಿಂಗ್, ಆಮೇಲೆ ಸ್ಪ್ರಿಂಗ್. ಎರಡೂ ಬದಿಯ ಸ್ಪ್ರಿಂಗ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಬಳಸಬಾರದು. ರಬ್ಬರ್ ಬುಷ್ ತಿರುಚಿಕೊಳ್ಳದಿರಲು, ಚಕ್ರಗಳು ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಶ್ಯಾಕಲ್ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕಾಗುತ್ತದೆ.