ಲೋಹಕ್ಕೂ ಚಳಿಯುಂಟು

ಕಾದರೆ ಬಾಗುವುದು, ಆರಿದರೆ ಬಿಗಿಯುವುದು ಕಬ್ಬಿಣದ ಗುಣವೆಂದು ಕುಲುಮೆಯವನು ಬಲ್ಲ. ಆವರಗೆರೆ, ದಾವಣಗೆರೆಗಳ ಬಿಸಿಲಿನಲ್ಲಿ ಬಾಳುವವರಿಗೆ ಲೋಹಕ್ಕೂ ಚಳಿ ತಾಗೀತೆಂಬ ಯೋಚನೆ ಸುಲಭವಾಗಿ ಬರಲಾರದು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಅಲ್ಲಿ ತಯಾರಾದ ಲೇತ್ ಯಂತ್ರಗಳ ಮುಂದೆ ನಿಂತು ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಉಕ್ಕನ್ನು ಹೆರೆದಾಗ ಸುರುಳಿಯಾಗಿ ಬೀಳುವ ಚೂರು ಕೈಸುಡುತ್ತದೆ. ಲೋಹದ ಆಕಾರ ಕೆಟ್ಟಲ್ಲಿ ಶಾಖ ಹುಟ್ಟುತ್ತದೆ.

ಶೀತದ ಪಾಠವನ್ನು ಜಗತ್ತು ಕಲಿತದ್ದು ದುಬಾರಿಯ ಬೆಲೆ ತೆತ್ತು. 1943ರ ಜನವರಿ 16ರ ಚಳಿರಾತ್ರಿ, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ಎಣ್ಣೆ ಹಡಗು ಅಲೆಯಿಲ್ಲದ ನೀರಿನಲ್ಲೇ ಸೀಳಿಹೋಯಿತು. ಅದೊಂದೇ ಅಲ್ಲ, ಯುದ್ಧಕಾಲದ ಇತರ ಹಡಗುಗಳೂ ಹಾಗೆಯೇ ಬಿರಿದವು. ಬೆಸುಗೆಯದೇ ದೋಷವೆಂದು ಹಲವರು ದೂರಿದರು. ಕೇಂಬ್ರಿಜ್ಜಿನ ವಿದುಷಿ ಕಾನ್‌ಸ್ಟನ್ಸ್ ಟಿಪ್ಪರ್ ಪರೀಕ್ಷೆ ನಡೆಸಿ, ಚಳಿಗೆ ಉಕ್ಕೇ ಪೆಡಸಾಗುವುದೆಂದು ತೋರಿಸಿಕೊಟ್ಟರು.

ಇದಕ್ಕೆ ಕಾರಣ ಪರಮಾಣುಗಳ ಜೋಡಣೆ. ಲೋಹ ಬಾಗುವುದೆಂದರೆ ಅದರ ಹರಳಿನ ಪದರಗಳು ಒಂದರ ಮೇಲೊಂದು ಜಾರುವುದು. ಸಾಮಾನ್ಯ ಉಕ್ಕಿನಲ್ಲಿ ಈ ಜಾರಿಕೆಗೆ ಶಾಖದ ಸಹಾಯ ಬೇಕು. ಅದು ತಪ್ಪಿದರೆ ಪದರ ಜಾರುವ ಮೊದಲೇ ಬಿರುಕು ಓಡುತ್ತದೆ. ಅಲ್ಯುಮಿನಿಯಂ, ತಾಮ್ರ, ನಿಕ್ಕಲ್‌ಗಳಲ್ಲಿ ಪರಮಾಣುಗಳು ಒತ್ತಾಗಿ ಕೂಡಿದ್ದು, ಕಡುಶೀತದಲ್ಲಿಯೂ ಪದರಗಳು ಜಾರಬಲ್ಲವು. ಸಾಕಷ್ಟು ನಿಕ್ಕಲ್ ಬೆರೆಸಿದರೆ ಸ್ಟೇನ್‌ಲೆಸ್ ಉಕ್ಕಿಗೂ ಆ ಗುಣ ಬರುತ್ತದೆ. ಆದರೆ ದ್ರವ ಹೀಲಿಯಂನ ಶೀತದಲ್ಲಿ, ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಇಂಥ ಲೋಹವೂ ನಯವಾಗಿ ಹಿಗ್ಗದೆ ಜಗ್ಗುಜಗ್ಗಾಗಿ ಹಿಗ್ಗುವುದುಂಟು. 1957ರಲ್ಲಿ ಬಾಸಿನ್‌ಸ್ಕಿ ಎಂಬ ವಿಜ್ಞಾನಿ ಅದಕ್ಕೆ ವಿವರಣೆ ಕೊಟ್ಟರು: ಆ ಶೀತದಲ್ಲಿ ಲೋಹಕ್ಕೆ ಶಾಖ ಹಿಡಿಯುವ ಶಕ್ತಿ ತೀರ ಕಡಿಮೆ, ಜಾರಿಕೆಯಿಂದ ಹುಟ್ಟಿದ ಶಾಖ ಆ ಜಾಗವನ್ನೇ ಬಿಸಿಮಾಡಿ, ಮೆದುವಾಗಿಸಿ, ಮತ್ತಷ್ಟು ಜಾರಿಸುತ್ತದೆ. ಲೇತಿನ ಚೂರನ್ನು ಬಿಸಿಮಾಡಿದ್ದೂ ಇದೇ ನಿಯಮ.

ಈ ವಿದ್ಯೆ ನಮ್ಮ ದೇಶಕ್ಕೆ ಮಾನದ ಪ್ರಶ್ನೆಯಾಯಿತು. ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕವನ್ನು ಉರಿಸುವ ರಾಕೆಟ್ ಎಂಜಿನಿನ ತಂತ್ರವನ್ನು ಕೊಡುವುದಾಗಿ 1991ರಲ್ಲಿ ಸೋವಿಯತ್ ಸಂಸ್ಥೆ ಒಪ್ಪಿತ್ತು. ಅಮೆರಿಕದ ಒತ್ತಡದಿಂದ 1993ರಲ್ಲಿ ರಷ್ಯ ಹಿಂದೆಗೆಯಿತು. ಸಿದ್ಧ ಎಂಜಿನುಗಳು ಬಂದವು, ವಿದ್ಯೆ ಬರಲಿಲ್ಲ. ಸ್ವದೇಶಿ ಎಂಜಿನಿನ ಮೊದಲ ಹಾರಾಟ 2010ರ ಏಪ್ರಿಲ್ 15ರಂದು ವಿಫಲವಾಯಿತು. 2014ರ ಜನವರಿ 5ರಂದು ಅದು ಗೆದ್ದಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಇಂಥ ಎಂಜಿನುಗಳ ತಯಾರಿಕೆಗೆಂದೇ ಒಂದು ಘಟಕ ಉದ್ಘಾಟನೆಯಾಯಿತು.

ಯಂತ್ರವನ್ನು ಹಣ ಕೊಟ್ಟು ಕೊಳ್ಳಬಹುದು. ಲೋಹ ಯಾವ ಶೀತದಲ್ಲಿ ಬಾಗುತ್ತದೆ, ಯಾವಾಗ ಒಡೆಯುತ್ತದೆ ಎಂಬ ಅರಿವನ್ನು ಮಾತ್ರ ದುಡಿದೇ ಗಳಿಸಬೇಕು.