ತಿರುಗುವುದಕ್ಕೊಂದು ಗೂಟ

ಅಡುಗೆ ಪುಸ್ತಕದಲ್ಲೂ ವಿಡಿಯೋಗಳಲ್ಲೂ ತಪ್ಪದೆ ಬರುವ ಒಂದು ಮಾತಿದೆ: ‘ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿ.’ ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದನ್ನು ಒಂದೇ ಸುತ್ತಿಗೆ ನಿಲ್ಲಿಸುವ ಚಾಕಚಕ್ಯತೆ ಯಾವ ಕೈಗೂ ಇಲ್ಲ. ಆದರೂ ಕೇಳಿದವರಿಗೆ ಗೊಂದಲವಿಲ್ಲ. ತರಿತರಿಯಾಗಿರಲಿ, ನುಣ್ಣಗಾಗುವುದು ಬೇಡ, ಅಷ್ಟೇ. ರುಬ್ಬುವ ಕಲ್ಲು ಮೂಲೆ ಸೇರಿದೆ, ಕಲ್ಲಿನ ಲೆಕ್ಕ ಮಾತ್ರ ಬಾಯಲ್ಲಿ ಉಳಿದುಕೊಂಡಿದೆ.

ಆ ಪುಟ್ಟ ವಾಕ್ಯದಲ್ಲಿ ಸುತ್ತು, ತಿರುಗು ಎರಡೂ ಪಕ್ಕಪಕ್ಕ ಕೂತಿವೆ. ಎರಡೂ ಒಂದೇ ಎಂದುಕೊಂಡರೆ ಕೆಟ್ಟೆವು. ಬೆಳಿಗ್ಗೆ ತಿಂಡಿ ತಿನ್ನದೆ ಬಿಸಿಲಿಗೆ ಹೋದವನಿಗೆ ತಲೆ ಸುತ್ತುತ್ತದೆ. ನಿನ್ನೆಮೊನ್ನೆ ದುಡ್ಡು ಕಂಡವನಿಗೆ ತಲೆ ತಿರುಗುತ್ತದೆ. ಮೊದಲನೆಯದಕ್ಕೆ ಒಂದು ಲೋಟ ನಿಂಬೆ ಶರಬತ್ತು ಸಾಕು. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ದೇಶ ತಿರುಗಬೇಕು ಅನ್ನಲಿಲ್ಲ. ಸುತ್ತಿ ಬಂದವನು ಅನುಭವಸ್ಥ. ತಿರುಗುತ್ತಿರುವವನ ಬಗ್ಗೆ ‘ಕೆಲಸ ಇಲ್ಲದೆ ತಿರ್ಗ್ತಾ ಇದಾನೆ’ ಎಂಬ ಷರಾ ಮೊದಲೇ ತಯಾರು.

ಇದಕ್ಕೆ ಕಾರಣ ಹುಡುಕಲು ನಿಘಂಟಿಗಿಂತ ಬೀಸುವ ಕಲ್ಲಿನ ಮುಂದೆ ಕೂರುವುದು ಮೇಲು. ಅಲ್ಲಿ ಕೆಳಗಿನ ಕಲ್ಲು ಅಲ್ಲಾಡುವುದಿಲ್ಲ. ಅದರ ನಡುವಿನ ಗೂಟಕ್ಕೆ ಮೇಲಿನ ಕಲ್ಲಿನ ತೂತು ಸರಿಯಾಗಿ ಕೂರಬೇಕು. ಅಂಚಿನ ಹಿಡಿ ಹಿಡಿದು ಎಳೆದರೆ ಮೇಲಿನದು ಗರಗರ ತಿರುಗುತ್ತದೆ. ಬಾಯಿಗೆ ಹಾಕಿದ ರಾಗಿ ಹಿಟ್ಟಾಗಿ ಸುತ್ತಲೂ ಉದುರುತ್ತದೆ. ನಡುವಿನ ಗೂಟ ಸಡಿಲವಾದರೆ ಕಲ್ಲು ವಾಲಾಡಿ ಹಿಟ್ಟು ನುಚ್ಚಾಗುತ್ತದೆ. ಕುಂಬಾರನ ತಿಗರಿಗೂ ಬಾವಿಯ ರಾಟೆಗೂ ಗಾಡಿಯ ಗಾಲಿಗೂ ಇದೇ ನಿಯಮ. ನಡುವೆ ನೆಟ್ಟಗೆ ನಿಂತದ್ದೊಂದು ಇದ್ದರೆ ತಿರುಗುವುದಕ್ಕೆ ಬೆಲೆ. ಕನ್ನಡ ಈ ನಿಯಮವನ್ನು ಮನುಷ್ಯರಿಗೂ ಹಚ್ಚಿಬಿಟ್ಟಿತು ಎಂಬುದು ನನ್ನ ಗುಮಾನಿ. ದೇವರ ಸುತ್ತ, ಅಶ್ವತ್ಥಕಟ್ಟೆಯ ಸುತ್ತ ಬರುವವನಿಗೆ ನಡುವೆ ಏನೋ ಒಂದಿದೆ, ಆದ್ದರಿಂದ ಅದು ಪ್ರದಕ್ಷಿಣೆ. ಊರಲ್ಲಿ ಸುಮ್ಮನೆ ತಿರುಗುವವನ ನಡುವೆ ಏನೂ ಕಾಣುವುದಿಲ್ಲ, ಆದ್ದರಿಂದ ಅನುಮಾನ.

ಹಾಗೆ ನೋಡಿದರೆ ಈ ಪದದ ಬಳಗದಲ್ಲಿ ಬಡವರೇ ಹೆಚ್ಚು. ಹಳೆಯ ‘ತಿರಿ’ ಎಂಬುದಕ್ಕೆ ಅಲೆ ಎಂಬ ಅರ್ಥವೂ ಇದೆ, ಬೇಡು ಎಂಬ ಅರ್ಥವೂ ಇದೆ. ಮನೆಯಿಂದ ಮನೆಗೆ ಹೋದರೆ ತಾನೇ ಭಿಕ್ಷೆ? ಅದರಿಂದ ತಿರುಕ, ತಿರುಪೆ. ಒಡೆದ ಮಡಕೆಯ ಚೂರಿಗೆ ಬೋಕಿ ಎನ್ನುತ್ತಾರೆ. ಅದನ್ನು ಹಿಡಿದು ತಿರಿಯುವವನು ತಿರುಬೋಕಿ. ಇವತ್ತು ಬೈಕಿನಲ್ಲಿ ಓಡಾಡುವ ಹುಡುಗನನ್ನೂ ಅಪ್ಪಂದಿರು ತಿರುಬೋಕಿ ಎಂದೇ ಬೈಯುತ್ತಾರೆ, ಕೈಯಲ್ಲಿ ಬೋಕಿಯ ಬದಲು ದುಬಾರಿ ಫೋನು ಇದ್ದರೂ. (ತಿರುಪತಿ, ತಿರುಮಕೂಡಲುಗಳನ್ನು ಈ ಬಳಗಕ್ಕೆ ಸೇರಿಸಬೇಡಿ, ಅಲ್ಲಿರುವ ‘ತಿರು’ ತಮಿಳಿನ ಶ್ರೀಕಾರ. ತಿರುಮಲೆಯ ಘಾಟಿಯಲ್ಲಿ ಬಸ್ಸು ಹತ್ತುವಾಗ ಹೊಟ್ಟೆಗೆ ಬೇರೆಯೇ ವ್ಯುತ್ಪತ್ತಿ ಹೊಳೆದರೆ ಅದು ಹೊಟ್ಟೆಯ ತಪ್ಪು.)

ಬೈಗುಳವಾಗಿದ್ದ ಪದವನ್ನು ಹೆಸರಾಗಿ ಹೊದ್ದುಕೊಂಡವರೂ ಇದ್ದಾರೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಯೋಗ ಕಲಿಸಿದರು, ಆಯುರ್ವೇದದ ಮದ್ದು ಕೊಟ್ಟರು, ಅನಾಥ ಸೇವಾಶ್ರಮ ಕಟ್ಟಿದರು. ಇದಕ್ಕೆಲ್ಲ ಜೋಳಿಗೆ ಹಿಡಿದು ಊರೂರು ತಿರುಗಿದರು. ಬರೆಯುವಾಗ ಇಟ್ಟುಕೊಂಡ ಹೆಸರು ‘ತಿರುಕ’. ಅವರಿಗೆ ಗೂಟ ಇತ್ತು, ಜನ ಅದನ್ನು ಕಂಡರು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಭಾಷೆ ಇನ್ನೂ ಬಿಗಿ. ‘ತಿರುಗಿ ಹೆಣ್ಣು ಕೆಟ್ಟಳು, ಕೂತು ಗಂಡು ಕೆಟ್ಟ’ ಎಂಬ ಗಾದೆಯನ್ನು ಕಟ್ಟಿದವನು ಯಾರೋ, ಅವನ ಮನೆಯ ಬೀಸುವ ಕಲ್ಲನ್ನು ತಿರುಗಿಸುತ್ತಿದ್ದವರು ಯಾರು ಎಂದು ಕೇಳಬೇಕು ಅನಿಸುತ್ತದೆ. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು, ಅತ್ತೆ ಸೊಸೆಯೋ ನಾದಿನಿ ಅತ್ತಿಗೆಯೋ ಎದುರುಬದುರು ಕಾಲು ಚಾಚಿ ಕೂತು, ಒಂದೇ ಹಿಡಿಗೆ ಇಬ್ಬರ ಕೈ ಕೊಟ್ಟು ಬೀಸಬೇಕಿತ್ತು. ಹೆಣ್ಣು ತಿರುಗಬಾರದು, ತಿರುಗಿಸಬೇಕು. ಕೂತಲ್ಲೇ ಕೂತ ಆ ಹೊತ್ತಿನಲ್ಲಿ ಹಾಡು ಮಾತ್ರ ತವರಿನ ದಾರಿ ಹಿಡಿದು ದೂರ ಹೋಗುತ್ತಿತ್ತು. ಹಲಸಂಗಿಯ ಗೆಳೆಯರು ಅಂಥ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸದೆ ಹೋಗಿದ್ದರೆ, ಹಿಟ್ಟಿನ ಗಿರಣಿ ಬಂದ ಊರುಗಳಲ್ಲಿ ಎಷ್ಟು ಹಾಡು ಉಳಿಯುತ್ತಿತ್ತೋ. ಗಿರಣಿಯ ಪಟ್ಟಿ ತಿರುಗುವ ಸದ್ದಿಗೆ ಯಾರೂ ಪದ ಕಟ್ಟಿದಂತಿಲ್ಲ. ಅದರೆದುರು ಮಾತಾಡಲೂ ಕಿರುಚಬೇಕು.

ಒರಳಿನ ಕಥೆಯಲ್ಲೊಂದು ತಮಾಷೆಯಿದೆ. ರುಬ್ಬುವ ಒರಳಿನಲ್ಲಿ ಕುಳಿ ಇದ್ದಲ್ಲೇ ಇದ್ದು ಗುಂಡು ತಿರುಗುತ್ತಿತ್ತು. ಒಂದು ಕೈ ಗುಂಡಿನ ಮೇಲೆ, ಇನ್ನೊಂದು ಕೈ ಹಿಟ್ಟನ್ನು ಒಳಕ್ಕೆ ದೂಡಲು. ಗ್ರೈಂಡರಿನಲ್ಲಿ ಪಾತ್ರೆಯೇ ತಿರುಗುತ್ತದೆ, ಗುಂಡನ್ನು ಕಟ್ಟಿ ನಿಲ್ಲಿಸಿದ್ದಾರೆ. ಕೊಯಮತ್ತೂರಿನ ಹೆಸರಿನಲ್ಲಿ ಭೌಗೋಳಿಕ ಗುರುತು ಪಡೆದ ಯಂತ್ರ ಅದು. ಯಾವುದು ತಿರುಗಿದರೂ ಇಡ್ಲಿ ಉಬ್ಬುತ್ತದೆ ಅನ್ನಿ.

ವಸ್ತುಗಳಿಗೆ ಸಿಕ್ಕ ಗೌರವ ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ತಿಗರಿ ತಿರುಗಿಸಿದ ಕುಂಬಾರ ಗುಂಡಯ್ಯನ ಮೇಲೆ ಹರಿಹರ ರಗಳೆಯನ್ನೇ ಬರೆದ. ಅಲ್ಲಿ ಮಡಕೆಯ ನಾದಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಹಂಪಿಯ ಕಲ್ಲಿನ ತೇರಿನ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ. ಈಗ ಅವು ತಿರುಗುವುದಿಲ್ಲ, ಆದರೂ 2017ರಲ್ಲಿ ಬಂದ ಐವತ್ತರ ನೋಟಿನ ಬೆನ್ನೇರಿ ಆ ತೇರು ನಮ್ಮ ಜೇಬಿನಿಂದ ಜೇಬಿಗೆ ತಿರುಗುತ್ತಿದೆ.

ಸುದ್ದಿಮನೆಗಳಂತೂ ಈ ಪದವನ್ನು ಸವೆಸಿ ಸಣ್ಣಗೆ ಮಾಡಿವೆ. ದಿನಬೆಳಗಾದರೆ ಯಾರೋ ಯಾರಿಗೋ ‘ತಿರುಗೇಟು’ ಕೊಟ್ಟಿರುತ್ತಾರೆ, ಯಾರದೋ ಹೇಳಿಕೆ ‘ತಿರುಗುಬಾಣ’ ಆಗಿರುತ್ತದೆ, ಪ್ರಕರಣಕ್ಕೆ ‘ಹೊಸ ತಿರುವು’ ಸಿಕ್ಕಿರುತ್ತದೆ. ಆಗುಂಬೆ ಘಾಟಿಯಲ್ಲೂ ಇಷ್ಟು ತಿರುವುಗಳಿಲ್ಲ. ಸರ್ಕಾರಿ ಕನ್ನಡಕ್ಕೆ ಬಂದರೆ ‘ಸುತ್ತೋಲೆ’ ನನಗೆ ಬಹಳ ಇಷ್ಟದ ಪದ: ಸುತ್ತು ಬರುವ ಓಲೆ. ಆದರೆ ಅದು ಫಲಕಕ್ಕೆ ಅಂಟಿ ಹಳದಿಯಾಗುತ್ತಾ ಕೂರುತ್ತದೆ. ಅದೇ ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸುವುದು ಅರ್ಜಿ ಕೊಟ್ಟವರ ಪಾಲು.

ತಿರುಗುವುದೇ ವೃತ್ತಿ, ತಿರುಗುವುದೇ ಮರ್ಯಾದೆ ಆಗಿರುವ ಒಂದೇ ಜಾಗ ನನಗೆ ಗೊತ್ತಿರುವುದು ಯಕ್ಷಗಾನ. ಮೇಳ ವರ್ಷಕ್ಕೊಮ್ಮೆ ಊರೂರಿಗೆ ಹೊರಡುವುದನ್ನು ಕರಾವಳಿಯಲ್ಲಿ ‘ತಿರುಗಾಟ’ ಎಂದೇ ಕರೆಯುತ್ತಾರೆ. ಕಲಾವಿದರು ತಮ್ಮ ಅನುಭವವನ್ನು ವರ್ಷಗಳಲ್ಲಿ ಹೇಳುವುದಿಲ್ಲ. ಆ ಮೇಳದಲ್ಲಿ ಇಷ್ಟು ತಿರುಗಾಟ, ಈ ಮೇಳದಲ್ಲಿ ಇಷ್ಟು ತಿರುಗಾಟ ಎನ್ನುತ್ತಾರೆ. ರಂಗದ ಮೇಲೆಯೂ ತಿರುಗುವುದೇ. ತೆಂಕುತಿಟ್ಟಿನ ಪುಂಡುವೇಷದವನು ಧೀಂಗಿಣ ಹಾರಿ ಗಿರ್ರನೆ ಸುತ್ತುವಾಗ ಸಭೆ ಲೆಕ್ಕ ಹಾಕುತ್ತದೆ. ಬಡಗುತಿಟ್ಟಿನವನು ಮಂಡಿಯೂರಿ ತಿರುಗುವಾಗ ನಿದ್ದೆ ಹತ್ತಿದ್ದವರೂ ಏಳುತ್ತಾರೆ. ಕಟೀಲು, ಮಂದಾರ್ತಿ, ಧರ್ಮಸ್ಥಳ ಎಂದು ಒಂದೊಂದು ಮೇಳಕ್ಕೂ ಹೆಸರಿನಲ್ಲೇ ಗೂಟವಿದೆ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ಹೊತ್ತಿಗೆ ಮರಳಿ ಬಂದು ಗೆಜ್ಜೆ ಬಿಚ್ಚುವ ಪದ್ಧತಿಯಿದೆ.

ಮಳೆಗಾಲದಲ್ಲಿ ಕೈಕಟ್ಟಿ ಕೂರಲಾಗದವರು ಚಿಕ್ಕಮೇಳ ಕಟ್ಟುತ್ತಾರೆ. ಒಬ್ಬ ಭಾಗವತ, ಚೆಂಡೆ ಮದ್ದಲೆಯವರು, ಎರಡು ವೇಷ. ಸಂಜೆಯ ಮಳೆಯಲ್ಲಿ ಮನೆಯಿಂದ ಮನೆಗೆ ಹೋಗಿ, ಜಗಲಿಯಲ್ಲೋ ಚಾವಡಿಯಲ್ಲೋ ಸ್ವಲ್ಪ ಹೊತ್ತಿನ ಆಟ ತೋರಿಸಿ, ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಹೆಜ್ಜೆಯ ಲೆಕ್ಕದಲ್ಲಿ ಇದು ತಿರುಕ ಹೋಗುವ ದಾರಿಯೇ. ಆದರೆ ಮನೆಯವರು ದೀಪ ಹಚ್ಚಿಟ್ಟು ಕಾದಿರುತ್ತಾರೆ, ಮಕ್ಕಳನ್ನು ಎಬ್ಬಿಸಿ ಕೂರಿಸಿರುತ್ತಾರೆ, ವೇಷ ಹೊರಟ ಮೇಲೆ ಪದ್ಯ ಚೆನ್ನಾಗಿತ್ತೇ ಇಲ್ಲವೇ ಎಂದು ವಾದ ಮಾಡುತ್ತಾರೆ. ದೀಪಾವಳಿ ಕಳೆದರೆ ಅದೇ ಭಾಗವತರು ದೊಡ್ಡ ಮೇಳದ ವ್ಯಾನು ಹತ್ತಬೇಕು, ಮತ್ತೊಂದು ತಿರುಗಾಟಕ್ಕೆ.