ಅಕ್ಕನ ಎದೆಯ ಕಾವಲುಗಾರ

ದೀಪಾವಳಿಯ ಹಿಂದಿನ ದಿನ ಅಕ್ಕ ಒಲೆಯ ಮುಂದೆ ನಿಂತಲ್ಲೇ ಕುಸಿದಳು. ಪುಣ್ಯಕ್ಕೆ ಆಸ್ಪತ್ರೆ ಹತ್ತಿರವಿತ್ತು. ಹೃದಯದ ಕೆಳಗಿನ ಕೋಣೆಗಳು ತಾಳ ತಪ್ಪಿ ಬರಿದೇ ಅದುರತೊಡಗಿದರೆ ರಕ್ತ ಮುಂದೆ ಹರಿಯುವುದಿಲ್ಲವಂತೆ. ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಆಗ ವಿದ್ಯುತ್ತಿನ ಒಂದು ಹೊಡೆತವೇ ಮದ್ದು. ಅದನ್ನು ತಾನಾಗಿಯೇ ಕೊಡುವ ಐಸಿಡಿ ಎಂಬ ಪುಟ್ಟ ಯಂತ್ರವನ್ನು ಕೊರಳೆಲುಬಿನ ಕೆಳಗೆ ಇಡಬೇಕೆಂದರು ಡಾಕ್ಟರು. "ಮೈಯೊಳಗೆ ಕರೆಂಟಿನ ಡಬ್ಬಿಯೇ? ನಂಗೆ ಬೇಡ ಕಣೇ" ಎಂದು ಅಕ್ಕ ಹಟ ಹಿಡಿದಳು.

ಮೂವತ್ತು ವರ್ಷ ಚರಿತ್ರೆ ಕಲಿಸಿದವಳು ನಾನು. ಯಾವುದನ್ನಾದರೂ ಬುಡದಿಂದ ತಿಳಿಯದಿದ್ದರೆ ಸಮಾಧಾನವಿಲ್ಲ. ಹುಡುಕಿ ಓದಿದೆ.

ವಾರ್ಸಾದ ಯಹೂದಿ ಹುಡುಗ ಮಿಶೆಲ್ ಮಿರೋವ್ಸ್ಕಿ 1939ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಹಿಟ್ಲರನ ಸೈನ್ಯಕ್ಕೆ ಹೆದರಿ ಮನೆ ಬಿಟ್ಟ. ಯುದ್ಧ ಮುಗಿಯುವಾಗ ಮನೆಯವರಲ್ಲಿ ಉಳಿದಿದ್ದವನು ಅವನೊಬ್ಬನೇ. ಮುಂದೆ ಫ್ರಾನ್ಸಿನಲ್ಲಿ ಓದಿ ವೈದ್ಯನಾದ. ಇಸ್ರೇಲಿನಲ್ಲಿ ಅವನ ಗುರು ಹ್ಯಾರಿ ಹೆಲ್ಲರ್ 1966ರಲ್ಲಿ ಇದೇ ತಾಳ ತಪ್ಪುವ ರೋಗದಿಂದ ತೀರಿಕೊಂಡರು. ರೋಗಿ ಸದಾ ಆಸ್ಪತ್ರೆಯಲ್ಲೇ ಇರಲಾದೀತೆ? ಆಸ್ಪತ್ರೆಯ ಯಂತ್ರವನ್ನೇ ರೋಗಿಯೊಳಗೆ ಇಟ್ಟರೆ ಹೇಗೆ? ಈ ಯೋಚನೆ ಹೊತ್ತು ಅವರು 1968ರಲ್ಲಿ ಅಮೆರಿಕದ ಬಾಲ್ಟಿಮೋರಿಗೆ ಹೋದರು. ಅಲ್ಲಿ ಮಾರ್ಟನ್ ಮೋವರ್ ಜೊತೆಯಾದರು. 1972ರಲ್ಲಿ, ಆಸ್ಪತ್ರೆಯ ಆಘಾತಯಂತ್ರವನ್ನು ರೂಪಿಸಿದ್ದ ಬರ್ನಾರ್ಡ್ ಲೌನ್ ಅವರೇ ಇದನ್ನು ಟೀಕಿಸಿ ಬರೆದರು. ಇವರು ಬಿಡಲಿಲ್ಲ. 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲೆವೈ ವಾಟ್ಕಿನ್ಸ್ ಎಂಬ ಕಪ್ಪು ಜನಾಂಗದ ಶಸ್ತ್ರವೈದ್ಯರು ಮೊದಲ ಯಂತ್ರವನ್ನಿಟ್ಟರು. ಆಗ ಎದೆ ತೆರೆಯಬೇಕಿತ್ತು, ಯಂತ್ರ ಹೊಟ್ಟೆಯಲ್ಲಿರುತ್ತಿತ್ತು. ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ.

ಇದನ್ನೆಲ್ಲ ಹೇಳಿದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಇಡಿಸಿಕೊಂಡವನು ಯಾರೇ?"

"ಅವನಲ್ಲ ಅಕ್ಕ, ಅವಳು. ಐವತ್ತೇಳು ವರ್ಷದ ಹೆಂಗಸು."

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. "ಪಾಪ, ಎಷ್ಟು ಹೆದರಿದ್ದಳೋ" ಎಂದಳು. ಮರುದಿನ ಕಾಗದಕ್ಕೆ ಸಹಿ ಹಾಕಿದಳು.

ಶ್ರಾವಣದಲ್ಲಿ ಯಂತ್ರ ಒಮ್ಮೆ ಹೊಡೆಯಿತು. ಅಕ್ಕ ಉಳಿದಳು, ಆದರೆ ಒಬ್ಬಳೇ ಸ್ನಾನಕ್ಕೆ ಹೋಗಲು ಹೆದರಿದಳು. ಈ ಹೆದರಿಕೆಗೆ ಯಾವ ಇಸವಿಯೂ ಇಲ್ಲ, ಯಾವ ಪಾಠದಲ್ಲೂ ಬರುವುದಿಲ್ಲ. ಒಂದು ತಿಂಗಳು ನಾನು ಬಚ್ಚಲಮನೆಯ ಹೊರಗೆ ಮಣೆ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗಿನಿಂದ ಅಕ್ಕ ಆಗಾಗ ಕೂಗುತ್ತಿದ್ದಳು: "ಇದ್ದೀಯೇನೇ?"

"ಇದ್ದೀನಿ ಅಕ್ಕ."